ಅನಸುಬಾಯಿಯ ಮೊಣಕೈಗೆ ಮೂರು ಪ್ಲಾಸ್ಟರು

೧

ಅನಸುಬಾಯಿಯನ್ನು ಮೊದಲ ವಾಕ್ಯದಲ್ಲೇ ಬೀಳಿಸಬೇಕೋ, ಎರಡು ಪುಟ ನೆಟ್ಟಗೆ ನಡೆಸಿ ಆಮೇಲೆ ಬೀಳಿಸಬೇಕೋ ಎಂಬುದನ್ನು ನಾನಿನ್ನೂ ತೀರ್ಮಾನಿಸಿಲ್ಲ. ಬೀಳುವುದಂತೂ ಖಚಿತ. ಆಕೆ ಬೀಳದಿದ್ದರೆ ಮೊಣಕೈ ಕೀಲು ಮುರಿಯುವುದಿಲ್ಲ. ಕೀಲು ಮುರಿಯದಿದ್ದರೆ ನನಗೆ ಕಥೆಯಿಲ್ಲ, ನಿಮಗೆ ಕೆಲಸವಿಲ್ಲ.

ಮೊದಲ ಡ್ರಾಫ್ಟಿನಲ್ಲಿ ಹೀಗೆ ಬಿದ್ದಳು: ಇಸವಿ ೧೯೭೫, ಶಹಾಬಾದಿನ ಹೊರಗೊಂದು, ನೆಲಕ್ಕೆ ಹಾಸುವ ಪರ್ಸಿಕಲ್ಲಿನ ಖಣಿ. ಮೂವತ್ತೊಂದು ವರ್ಷದ ಅನಸುಬಾಯಿ ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಎರಡು ಫೂಟಿನ ಕಲ್ಲು ಹೊತ್ತು ಇಳಿಜಾರನ್ನು ಹತ್ತುತ್ತಿದ್ದಾಗ ಕಾಲು ಜಾರಿತು. (ಇಳಿಜಾರನ್ನು ಯಾರಾದರೂ ಹತ್ತುತ್ತಾರೆಯೇ? ಹರಿದೆ.) ಎರಡನೆಯದರಲ್ಲಿ ಸೂರ್ಯೋದಯ ಸೇರಿಸಿದೆ, ವಾಡಿ ಕಡೆಗೆ ಹೋಗುವ ಗೂಡ್ಸ್ ಗಾಡಿಯ ಸದ್ದು ಸೇರಿಸಿದೆ. ಮತ್ತೆ ಬಿದ್ದಳು. ಮೂರನೆಯದರಲ್ಲಿ ಸೂರ್ಯನನ್ನು ತೆಗೆದು ಗಾಡಿಯನ್ನು ಮಾತ್ರ ಉಳಿಸಿಕೊಂಡೆ. ಆಗ ಕಾಗದದೊಳಗಿಂದ ಆಕೆಯೇ ಮಾತಾಡಿದಳು.

“ಅಣ್ಣಾ, ನೀವು ಚಂದಂಗ ಬರೀಬೇಕಂತ ನಾ ಎಷ್ಟು ಸಲ ಬೀಳ್ಬೇಕ್ರಿ? ಮೂರು ಸಲ ಆಯ್ತು. ಮೂರೂ ಸಲ ಅದೇ ಬಲಗೈ.”

ನಾಚಿಕೆಯಾಯಿತು. ನಾಲ್ಕನೆಯ ಡ್ರಾಫ್ಟ್ ಬರೆಯಲಿಲ್ಲ. ಆಕೆ ಬಿದ್ದಾಗಿದೆ ಎಂದು ನೀವು ನಂಬಿ, ನಾವು ಮುಂದಕ್ಕೆ ಹೋಗೋಣ.

೨

ಗಂಡ ಭಗವಂತ ಅದೇ ಖಣಿಯಲ್ಲಿ ಕಲ್ಲಿನ ಅಂಚು ಕಡಿದು ಮೂಲೆ ಹೊಂದಿಸುವವನು. ಖಾಲಿ ಲಾರಿಯೊಂದನ್ನು ನಿಲ್ಲಿಸಿ, ಹೆಂಡತಿಯನ್ನು ಚಿಂಚೋಳಿ ಕಡೆಯ ಒಂದು ಹಳ್ಳಿಗೆ ಕರೆದೊಯ್ದ. ಅಲ್ಲಿ ಎಲುಬು ಕಟ್ಟುವ ಸಾಯಬಣ್ಣನಿದ್ದ. ಸಾಯಬಣ್ಣ ಬಾತ ಮೊಣಕೈಯನ್ನು ಎರಡು ಬೆರಳಿನಿಂದ ಸುತ್ತಲೂ ಮುಟ್ಟಿ ನೋಡಿ ಕೈ ತೆಗೆದ.

“ಉದ್ದನ ಎಲುಬು ನನ್ನವು. ಕೀಲು ದೇವ್ರವು. ಇದು ನಾ ಕಟ್ಟೂದಲ್ಲ, ದವಾಖಾನಿಗಿ ಕರ್ಕೊಂಡು ಹೋಗ್ರಿ.”

“ಇಷ್ಟು ದೂರದಿಂದ ಬಂದೀವ್ರಿ ಯಜಮಾನ್ರ. ಕಟ್ಟಿಸ್ಕೊಳ್ದಂಗ ಹೆಂಗ ಹೋಗೂದು?” ಎಂದ ಭಗವಂತ.

ದೂರದಿಂದ ಬಂದವರನ್ನು ಹಾಗೆಯೇ ಕಳಿಸುವ ಪದ್ಧತಿ ಸಾಯಬಣ್ಣನ ಮನೆತನದಲ್ಲಿ ಇರಲಿಲ್ಲ. ಬಂದವರು ಬೇಡಿಕೊಂಡ ಮೇಲೆ ಕಟ್ಟಲೇಬೇಕು. ಉದ್ದಿನಹಿಟ್ಟು, ತತ್ತಿಯ ಬಿಳಿ, ಬಿದಿರಿನ ದಬ್ಬೆ. ಕೈಯನ್ನು ನೆಟ್ಟಗೆ ಇಟ್ಟು ನಲವತ್ತು ದಿನಕ್ಕೆ ಕಟ್ಟಿದ. ನಲವತ್ತು ದಿನದ ಮೇಲೆ ಬಿಚ್ಚಿದಾಗ ಕೈ ತೆಳ್ಳಗಾಗಿತ್ತು, ಮೊಣಕೈಯಿಂದ ಕೆಳಗಿನದು ಜೋತಾಡುತ್ತಿತ್ತು. ಎಡಗೈಯಿಂದ ಎತ್ತಿದರೆ ಮಡಚುತ್ತದೆ, ಬಿಟ್ಟರೆ ಬೀಳುತ್ತದೆ, ಎರಡಕ್ಕೂ ಕಣ್ಣಲ್ಲಿ ನೀರು ಬರುವಷ್ಟು ನೋವು.

(ಇಲ್ಲಿ ಮೂಢನಂಬಿಕೆಯ ಮೇಲೆ ಒಂದು ಖಾರವಾದ ಪ್ಯಾರಾ ಬರೆದಿದ್ದೆ. ಆದರೆ ಸಾಯಬಣ್ಣ ದವಾಖಾನೆಗೆ ಹೋಗಿ ಎಂದೇ ಹೇಳಿದ್ದನಲ್ಲ. ಪ್ಯಾರಾವನ್ನು ಯಾರ ಮೇಲೆ ಕೂರಿಸುವುದೆಂದು ತಿಳಿಯದೆ ತೆಗೆದುಹಾಕಿದೆ.)

೩

ಈ ಕಥೆಯಲ್ಲಿ ನೋವು ಮುಖ್ಯವಲ್ಲ, ಊಟ ಮುಖ್ಯ. ಇದು ನನಗೂ ತಡವಾಗಿ ತಿಳಿಯಿತು.

ಬಲಗೈ ಹೋದ ದಿನದಿಂದ ಅನಸುಬಾಯಿಗೆ ಭಗವಂತ ಉಣಿಸುತ್ತಿದ್ದ. ತಾನೇ ರೊಟ್ಟಿ ಬಡಿಯುವುದನ್ನೂ ಕಲಿತ. ಮೂಲೆ ಹೊಂದಿಸಿ ರೂಢಿಯಾದ ಕೈ, ರೊಟ್ಟಿ ದಪ್ಪಗಿರುತ್ತಿತ್ತು, ಗುಂಡಗಿರುತ್ತಿರಲಿಲ್ಲ. ಎದುರಿಗೆ ಕೂತು, ತನಗೊಂದು ತುತ್ತು, ಆಕೆಗೊಂದು ತುತ್ತು. ಓಣಿಯ ಹೆಂಗಸರು ಇದನ್ನು ಬಾಗಿಲಲ್ಲಿ ನಿಂತು ನೋಡಿ ಹೋಗಿ ತಂತಮ್ಮ ಗಂಡಂದಿರನ್ನು ಬೈಯುತ್ತಿದ್ದರು. ಅಂಥ ಗಂಡ.

ಆದರೆ ಅವನ ಹೊಟ್ಟೆ ತುಂಬಿದ ಕೂಡಲೇ ಅವನು ಎದ್ದು ಕೈ ತೊಳೆಯುತ್ತಿದ್ದ. ಅಲ್ಲಿಗೆ ಆಕೆಯ ಊಟವೂ ಮುಗಿಯಿತು. ಆಕೆಗೆ ಇನ್ನೊಂದು ರೊಟ್ಟಿಯ ಹಸಿವು ಉಳಿದಿರುತ್ತಿತ್ತು. ಏಳು ತಿಂಗಳಿಂದ ದಿನಕ್ಕೆ ಎರಡು ಸಲ ಹಾಗೆ ಉಳಿದಿತ್ತು. ಬಾಯಿಬಿಟ್ಟು ಕೇಳಲಿಲ್ಲ, ಅಷ್ಟು ಪ್ರೀತಿಯಿಂದ ಉಣಿಸುವವನನ್ನು ಮತ್ತೆ ಕೇಳಲು ಆಕೆಗೆ ಸಂಕೋಚ. ಹಸಿದುಕೊಂಡೇ ಆಕೆ ಅವನ ಗುಣಗಾನ ಕೇಳುತ್ತಿದ್ದಳು.

“ಎಡಗೈ ಇದೆಯಲ್ಲ?” ಎಂದೆ ನಾನು.

“ಒಂದಿನ ಬಾಗಲಾ ಹಾಕಿ ನೋಡಿನ್ರಿ ಅಣ್ಣಾ. ತುತ್ತು ತುಟಿ ತನಕ ಬಂತು. ಬಾಯಿ ತೆರಿಲಿಲ್ಲ. ಆ ಕೈ ಯಾತಕ್ಕ ಬಳಸ್ತೀವಿ ಅಂತ ಬಾಯಿಗಿ ಗೊತ್ತದ.”

“ಅದು ಬರೀ ರೂಢಿ.”

“ಹೌದಾ? ಹಂಗಿದ್ರ ಮೊದ್ಲು ನೀವು ಉಂಡು ತೋರಸ್ರಿ.”

ನಾನು ಉಪ್ಪಿಟ್ಟಿನಲ್ಲಿ ಪ್ರಯತ್ನಿಸಿದೆ. ಆ ವಿಷಯ ಇಲ್ಲಿಗೆ ಬಿಡೋಣ.

೫

(ನಾಲ್ಕರಲ್ಲಿ ರೈಲು ಪ್ರಯಾಣದ ವರ್ಣನೆ ಇತ್ತು. ಶಹಾಬಾದಿನಿಂದ ಗುಲ್ಬರ್ಗಾಕ್ಕೆ ಪ್ಯಾಸೆಂಜರಿನಲ್ಲಿ ಒಂದು ತಾಸು ಕೂಡ ಹಿಡಿಯುವುದಿಲ್ಲ. ನಾನು ಆರು ಪುಟ ಹಿಡಿದಿದ್ದೆ.)

ಗುಲ್ಬರ್ಗಾದ ಸರ್ಕಾರಿ ದವಾಖಾನೆಯಲ್ಲಿ ಎಲುಬಿನ ಡಾಕ್ಟರ್ ಶೌಕತ ಅಲಿ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅವರು ಯಾವುದನ್ನೂ ಅಂದಾಜಿನಲ್ಲಿ ಮಾಡದ ಮನುಷ್ಯ. ಚಹಾಕ್ಕೆ ಸಕ್ಕರೆ ಹಾಕುವಾಗಲೂ ಚಮಚದ ಮೇಲ್ಮೈ ಸಪಾಟು ಮಾಡುತ್ತಿದ್ದರು.

“ನೋಡ್ರಿ ಬಾಯಿ, ಇಲಾಜ್ ಮೂರು ಅವ. ಒಂದು, ಇದ್ದಂಗ ಬಿಡೂದು. ಎರಡನೇದು, ಮುರದ ಕೀಲು ಕಡದು ತೆಗಿಯೂದು. ಕೈ ಎಲ್ಲಾ ಕಡಿ ಆಡ್ತದ, ನೋವು ಕಮ್ಮಿ, ಆದ್ರ ತಾಕತ್ ಇರಂಗಿಲ್ಲ. ತಂಬಿಗಿ ಎತ್ತೂದೂ ಮುಷ್ಕಿಲ್. ಮೂರನೇದು, ಎರಡೂ ಎಲುಬು ಕೂಡ್ಸಿ ಒಂದೇ ಮಾಡೂದು. ನೋವು ಖತಮ್, ತಾಕತ್ ಪೂರಾ. ಆದ್ರ ಕೈ ಮತ್ತ ಮಡಚೂದಿಲ್ಲ. ನಾ ಎಲ್ಲಿ ನಿಲ್ಲಸ್ತೀನಿ, ಸಾಯೂ ತನಕ ಅಲ್ಲೇ.”

“ಎಲ್ಲಿ ನಿಲ್ಲಸ್ತೀರಿ?” ಎಂದು ಕೇಳಿದಳು ಅನಸುಬಾಯಿ.

“ಅದು ನೀವು ಹೇಳ್ಬೇಕು. ಕೈ ನಿಮ್ಮದು.”

ಅನಸುಬಾಯಿ ಯೋಚಿಸಲು ಕಣ್ಣು ಕೆಳಗೆ ಹಾಕುವಷ್ಟರಲ್ಲಿ ಭಗವಂತ ಹೇಳಿಯಾಗಿತ್ತು.

“ಗುನಿಯಾಕ್ಕ ಇಡ್ರಿ ಸಾಬ್.”

ಗುನಿಯಾ ಎಂದರೆ ಕಲ್ಲಿನ ಮೂಲೆ ನೋಡುವ ಕಬ್ಬಿಣದ ಪಟ್ಟಿ. ಎರಡು ತೋಳು, ನಡುವೆ ನೇರ ತೊಂಬತ್ತು ಡಿಗ್ರಿ. ಖಣಿಯಲ್ಲಿ ಗುನಿಯಾಕ್ಕೆ ಕೂರದ ಕಲ್ಲನ್ನು ಯಾರೂ ಮುಟ್ಟುವುದಿಲ್ಲ, ಅದು ರದ್ದಿ ರಾಶಿಗೆ ಹೋಗುತ್ತದೆ. ಹದಿನೈದು ವರ್ಷ ಕಲ್ಲು ಕಡಿದವನಿಗೆ ತೊಂಬತ್ತನ್ನು ಬಿಟ್ಟರೆ ಬೇರೆ ಒಳ್ಳೆಯ ಕೋನ ಇರಬಹುದೆಂದು ಹೊಳೆಯಲೇ ಇಲ್ಲ. ಹೆಂಡತಿಗೆ ಒಳ್ಳೆಯದನ್ನೇ ಕೊಡಿಸಬೇಕೆಂದೇ ಅವನು ಹಾಗೆ ಹೇಳಿದ.

ಡಾಕ್ಟರ್ ಆತುರಪಡಲಿಲ್ಲ. ಆಪರೇಷನ್ನಿಗೆ ಮೊದಲು ಅವರದೊಂದು ಕ್ರಮವಿತ್ತು: ಬೇಕೆಂದ ಕೋನದಲ್ಲಿ ಪ್ಲಾಸ್ಟರ್ ಹಾಕಿ ಮನೆಗೆ ಕಳಿಸುವುದು, ಹತ್ತು ದಿನ ಅದರಲ್ಲೇ ಬದುಕಿ ನೋಡಿ ಬಾ ಎನ್ನುವುದು. ಸರಿಬರದಿದ್ದರೆ ಒಡೆದು ಇನ್ನೊಂದು. ನನಗೆ ಹೊಟ್ಟೆಕಿಚ್ಚಾಯಿತು. ಮನುಷ್ಯರ ಮೇಲೇ ಡ್ರಾಫ್ಟ್ ಬರೆಯುವ ಸೌಲಭ್ಯ ಇವರಿಗೆ ಸರ್ಕಾರವೇ ಕೊಟ್ಟಿದೆ!

೬. ಮೊದಲ ಪ್ಲಾಸ್ಟರು

ಹಾಕಿ ಒಣಗಿದ ಮೇಲೆ ಭಗವಂತ ಚೀಲದಿಂದ ತನ್ನ ಗುನಿಯಾ ತೆಗೆದು ಹೆಂಡತಿಯ ಮೊಣಕೈಗೆ ಹಚ್ಚಿ ಒಂದು ಕಣ್ಣು ಮುಚ್ಚಿ ನೋಡಿದ.

“ಸಾಬ್, ಒಂದು ಸೂತ ಹೊರಗ ಹೋಗ್ಯದ್ರಿ.”

ಸೂತ ಎಂದರೆ ಇಂಚಿನ ಎಂಟನೆಯ ಒಂದು ಪಾಲು. ಡಾಕ್ಟರ್ ಶೌಕತ ಅಲಿಯವರು ಬಗ್ಗಿ ನೋಡಿದರು. ಹೋಗಿತ್ತು. ಹನ್ನೆರಡು ವರ್ಷದ ನೌಕರಿಯಲ್ಲಿ ಈ ತಕರಾರು ತಂದವನು ಇವನೊಬ್ಬನೇ. ಒಡೆದು ಮತ್ತೆ ಹಾಕಿದರು. ಸಿಸ್ಟರ್ ಖುರ್ಷಿದಬೇಗಂ ಎರಡನೆಯ ಸಲ ಬಕೆಟ್ಟಿಗೆ ನೀರು ತುಂಬುತ್ತ ಗುನಿಯಾವನ್ನು ಒಮ್ಮೆ, ಭಗವಂತನನ್ನು ಒಮ್ಮೆ ನೋಡಿದಳು.

ತೊಂಬತ್ತರ ಕೈ ಕೆಲಸಕ್ಕೆ ಅದ್ಭುತವಾಗಿತ್ತು. ಬಗ್ಗಿ ಕಲ್ಲಿಗೆ ಕೈಕೊಟ್ಟರೆ ಎತ್ತಬಹುದು, ಎದೆಗಾನಿಸಿಕೊಂಡು ನಡೆಯಬಹುದು, ಕಷ್ಟಪಟ್ಟು ರೊಟ್ಟಿಯನ್ನೂ ಬಡಿಯಬಹುದು. ಆದರೆ ಊಟಕ್ಕೆ ಕೂತಾಗ ತುತ್ತು ಬಾಯಿಂದ ಒಂದು ಗೇಣು ಮುಂದೆಯೇ ನಿಂತಿತು. ಮುಂದಕ್ಕೆ ಬಾಗಿದಳು. ತುತ್ತೂ ಅಷ್ಟೇ ಮುಂದೆ ಹೋಯಿತು. ಸಿಸ್ಟರ್ ಕೊಟ್ಟಿದ್ದ ಉದ್ದ ಹಿಡಿಕೆಯ ಚಮಚದಲ್ಲಿ ಗಂಜಿ ಕುಡಿಯಬಹುದಿತ್ತು, ಅದು ಜ್ವರದವರ ಊಟ. ಚಮಚದಿಂದ ರೊಟ್ಟಿ ಮುರಿಯಲು ಬರುವುದಿಲ್ಲ.

ಎದುರಿಗೆ ಕೂತಿದ್ದ ಭಗವಂತ ತಮಾಷೆಗೆಂದು ಬಾಯಿ ತೆರೆದ. ಆಕೆಯ ಕೈ ಸರಾಗ ಹೋಗಿ ತುತ್ತನ್ನು ಅವನ ಬಾಯಿಗಿಟ್ಟಿತು. ಇಬ್ಬರೂ ನಕ್ಕರು. ಈ ಕೈ ಎದುರಿಗೆ ಕೂತ ಯಾರ ಬಾಯನ್ನಾದರೂ ಮುಟ್ಟುತ್ತಿತ್ತು, ಆಕೆಯದೊಂದನ್ನು ಬಿಟ್ಟು.

“ಹಂಗಾದ್ರ ಹಿಂಗೇ ಇರ್ಲಿ ಬಿಡು,” ಎಂದ ಭಗವಂತ. “ನೀ ನನಗ ಉಣಸು, ನಾ ನಿನಗ ಉಣಸ್ತೀನಿ.”

ನನ್ನ ಕಣ್ಣು ತುಂಬಿ ಬಂತು. ಇಂಥ ವಾಕ್ಯ ಪದೇ ಪದೇ ಸಿಗುವುದಿಲ್ಲ. ಕೆಳಗೆ ಒಂದು ಗೆರೆ ಎಳೆದು, ಮುಗಿಯಿತು ಎಂದು ಬರೆದು, ಲಕೋಟೆಯ ಮೇಲೆ ಪತ್ರಿಕೆಯ ವಿಳಾಸವನ್ನೂ ಬರೆದೆ.

“ಅಣ್ಣಾ,” ಎಂದಳು ಅನಸುಬಾಯಿ. “ಜಗಳಾ ಆದ ದಿನ?”

“ಎಂಥ ಜಗಳ?”

“ಗಂಡ ಹೆಂಡ್ತಿ ಅಂದ್ಮ್ಯಾಲ ಒಂದಿನ ಜಗಳಾ ಆಗ್ತದಿಲ್ರಿ? ಆ ದಿನ ಯಾರು ಉಣಸ್ತಾರ? ಅಂವ ಸೇಡಂಕ್ಕ ಅಕ್ಕನ ಮನಿಗಿ ಹೋದ ದಿನ? ನನ್ಕಿಂತ ಮೊದ್ಲು ಅಂವ ಸತ್ರ?”

ಗೆರೆಯನ್ನು ಅಳಿಸಿದೆ. ಲಕೋಟೆ ಹಾಳಾಯಿತು.

೭. ಎರಡನೆಯ ಪ್ಲಾಸ್ಟರು

ಈ ಸಲ ಅನಸುಬಾಯಿ ತಾನೇ ಹೇಳಿದಳು: ಬಾಯಿ ತನಕ. ಡಾಕ್ಟರ್ ಮಡಚಿ ಕಟ್ಟಿದರು. ಭಗವಂತ ಗುನಿಯಾ ಹೊರಗೆ ತೆಗೆಯಲೇ ಇಲ್ಲ. ಅದನ್ನು ಹಚ್ಚುವಂಥದ್ದು ಅಲ್ಲೇನೂ ಇರಲಿಲ್ಲ.

ಮರುದಿನ ಅವನು ಖಣಿಗೆ ಹೋದ ಮೇಲೆ ಆಕೆ ಬಾಗಿಲು ಹಾಕಿಕೊಂಡು ಊಟಕ್ಕೆ ಕೂತಳು. ಅವನು ಬಡಿದಿಟ್ಟ ದಪ್ಪ ರೊಟ್ಟಿ, ಪುಂಡಿಪಲ್ಯ, ಮೇಲೊಂದಿಷ್ಟು ಹಸಿ ಎಣ್ಣೆ. ಗಂಗಾಳವನ್ನು ಮಣೆಯ ಮೇಲೆ ಎತ್ತರಿಸಿಟ್ಟುಕೊಂಡು, ಎಡಗೈಯಿಂದ ರೊಟ್ಟಿ ಒತ್ತಿ ಹಿಡಿದು ಬಲಗೈಯಿಂದ ಮುರಿದು ತಿಂದಳು. ಮೊದಲು ಗಡಬಡಿಸಿ ತಿಂದಳು, ಆಮೇಲೆ ನಿಧಾನವಾಗಿ. ನಡುವೆ ಸುಮ್ಮನೆ ನಿಲ್ಲಿಸಿದಳು, ಯಾರೂ ಕೈ ತೊಳೆಯಲು ಏಳಲಿಲ್ಲ, ಮತ್ತೆ ಶುರುಮಾಡಿದಳು. ನಾಲ್ಕು ರೊಟ್ಟಿ. ಆಕೆಗೆ ಖುಷಿಯಾಯಿತು. ಇದಕ್ಕೆ ಇನ್ನೂ ಸೂಕ್ಷ್ಮವಾದ ಪದ ಹುಡುಕಲು ಹೊರಟಿದ್ದೆ, ಆಕೆ ಬೇಡವೆಂದಳು.

ನಾಲ್ಕನೆಯ ದಿನ ಖಣಿಗೆ ಹೋಗಿ ನೋಡಿದಳು. ಬಲಗೈ ನೆಲದ ಕಲ್ಲನ್ನು ಮುಟ್ಟಲಿಲ್ಲ. ಮಂಡಿಯೂರಿದರೂ ಮುಟ್ಟಲಿಲ್ಲ. ನೀರು ಸೇದಲು ಹೋದರೆ ಬಾವಿಯ ಹಗ್ಗ ಎಡಗೈಗೆ ಮಾತ್ರ ಸಿಕ್ಕಿತು. ಕೂಲಿಯವರ ಮೇಸ್ತ್ರಿ ಮುಕಾದಮ ಒಳ್ಳೆಯ ಮಾತಿನಲ್ಲೇ, “ಆರಾಮ ಆದ ಮ್ಯಾಲ ಬಾ ತಂಗಿ,” ಎಂದ. ಹದಿನಾಲ್ಕನೆಯ ವಯಸ್ಸಿನಿಂದ ದುಡಿದವಳು ಅಲ್ಲಿ ಕೆಲಸವಿಲ್ಲದೆ ನಿಂತು ವಾಪಸ್ಸು ಬಂದಳು. ಹೊಟ್ಟೆ ತುಂಬಿತ್ತು, ಆದರೂ ಅಳು ಬಂತು.

ಸಂಜೆ ಊಟದಲ್ಲಿ ಭಗವಂತನ ಕೈ ರೂಢಿಯಂತೆ ತುತ್ತು ಹಿಡಿದು ಈ ಕಡೆ ಬಂತು. ಅರ್ಧದಾರಿಯಲ್ಲಿ ನೆನಪಾಗಿ ಹಿಂದಕ್ಕೆ ಹೋಯಿತು.

“ನಾ ಉಣಸೂದು ನಿನಗ ಬ್ಯಾಡಾಗಿತ್ತೇನು ಅನಸೂ?”

“ಬೇಕಾಗಿತ್ತು.”

“ಮತ್ತ?”

“ಒಂದು ರೊಟ್ಟಿ ಕಡಿಮಿ ಬೀಳ್ತಿತ್ತು.”

“ಯಾವತ್ತು?”

“ದಿನಾ.”

ಭಗವಂತ ಗಂಗಾಳದಲ್ಲಿದ್ದುದನ್ನು ನೋಡುತ್ತ ಕೂತ. “ಹೇಳ್ಬೇಕಿಲ್ಲೇನು ನೀ,” ಎಂದ. ಆಮೇಲೆ ಅದನ್ನೇ ಇನ್ನೆರಡು ಸಲ ಹೇಳಿದ. ಅವನಿಗೆ ಬಹಳ ನೋವಾಗಿತ್ತು, ಅದಕ್ಕೆ ಹಾಕಲು ಯಾವ ಪ್ಲಾಸ್ಟರೂ ಇರಲಿಲ್ಲ. (ಈ ಕೊನೆಯ ಮಾತು ಅಗ್ಗದ್ದು ಎಂದು ಗೊತ್ತು. ಇರಲಿ.)

೮. ಮೂರನೆಯ ಪ್ಲಾಸ್ಟರು

ಇದು ನನ್ನದು. ತೊಂಬತ್ತಕ್ಕೂ ಬಾಯಿಗೂ ನಡುವಿನ ಒಂದು ಕೋನವನ್ನು ನಾನೇ ಸೂಚಿಸಿ ಡಾಕ್ಟರ ಬಾಯಲ್ಲಿ ಹೇಳಿಸಿದೆ. ಕೀಲುಗಳ ಬಗ್ಗೆ ಒಂದು ವಾರ ಓದಿಕೊಂಡವನಿಗೆ ಅಷ್ಟು ಅಧಿಕಾರ ಇರಬಹುದೆಂದುಕೊಂಡಿದ್ದೆ.

ಹತ್ತು ದಿನದ ಮೇಲೆ ಅನಸುಬಾಯಿ ವರದಿ ಕೊಟ್ಟಳು. “ಕಲ್ಲೂ ಎತ್ಲಿಕ್ಕ ಬರಂಗಿಲ್ಲ, ಉಣ್ಲಿಕ್ಕೂ ಬರಂಗಿಲ್ಲ. ಪಲ್ಯ ಎಲ್ಲಾ ಸೀರಿ ಮ್ಯಾಲ. ಅಣ್ಣಾ, ಇದರಾಗ ಏನು ಮಾಡ್ಲಿಕ್ಕ ಬರ್ತದ?”

“ಬರೆಯಬಹುದು,” ಎಂದೆ.

“ನನಗ ಬರೀಲಿಕ್ಕ ಬರಂಗಿಲ್ಲ.”

ಒಡೆಸಿದೆವು.

೯

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಎಲುಬು ಕೂಡಿಸುವ ಆಪರೇಷನ್, ಕೋನ ಮಾತ್ರ ಇನ್ನೂ ತೀರ್ಮಾನವಾಗಿರಲಿಲ್ಲ. ಅನಸುಬಾಯಿ ಹಿಂದಿನ ಸಂಜೆಯಿಂದ ನೀರು ಕೂಡ ಕುಡಿದಿರಲಿಲ್ಲ. ಪ್ರಜ್ಞೆ ತಪ್ಪಿಸಲು ಬೇಹೋಶಿ ಕೊಡುವ ಮುಂಚೆ ಹೊಟ್ಟೆ ಖಾಲಿ ಇರಬೇಕು, ಇಲ್ಲದಿದ್ದರೆ ಜೀವಕ್ಕೆ ಅಪಾಯ ಎಂದು ಸಿಸ್ಟರ್ ಖುರ್ಷಿದಬೇಗಂ ಎರಡೆರಡು ಸಲ ಹೇಳಿದ್ದಳು. ಥಿಯೇಟರಿನ ಹೊರಗಿನ ಬೆಂಚಿನ ಮೇಲೆ ಆಕೆ, ಪಕ್ಕದಲ್ಲಿ ಭಗವಂತ, ಅವನ ಕಾಲ ಬಳಿ ರೊಟ್ಟಿ ಗಂಟು.

ಡಾಕ್ಟರ್ ಬಂದು ಆಕೆಯ ಬಲಗೈಯ ಹಿಂಬದಿಗೆ ಹಸಿ ಪ್ಲಾಸ್ಟರಿನ ಪಟ್ಟಿ ಹಚ್ಚಿದರು. ಇದು ಕೊನೆಯದು, ಒಳಗೆ ಕೈಯನ್ನು ಹಿಡಿದಿಡಲು ಅಚ್ಚು. ಐದು ನಿಮಿಷಕ್ಕೆ ಗಟ್ಟಿಯಾಗುತ್ತದೆ.

“ಹೇಳ್ರಿ ಬಾಯಿ. ಎಲ್ಲಿ?”

ಭಗವಂತ ಈ ಸಲ ಬಾಯಿ ತೆರೆಯಲಿಲ್ಲ. ಆ ಶ್ರಮ ಅವನ ಕುತ್ತಿಗೆಯ ನರದಲ್ಲಿ ಕಾಣುತ್ತಿತ್ತು.

“ಮೊದ್ಲು ಬಾಯಿಗಿ ಹಚ್ಚಿ ನೋಡ್ತೀನ್ರಿ, ಆಮ್ಯಾಲ ಹೇಳ್ತೀನಿ,” ಎಂದಳು ಅನಸುಬಾಯಿ. “ಖಾಲಿ ಕೈಲೆ ತಿಳಿಯಂಗಿಲ್ಲ. ಒಂದು ತುಂಡು ರೊಟ್ಟಿ ಕೊಡ್ರಿ.”

“ಏ ಅಮ್ಮಾ, ಉಪಾಸ ಇದ್ದೀರಿ ನೀವು!” ಎಂದಳು ಖುರ್ಷಿದಬೇಗಂ.

ಅಂದಾಜಿನಲ್ಲಿ ಏನೂ ಮಾಡದ ಡಾಕ್ಟರಿಗೆ ಮಾತು ಸರಿಯೆನಿಸಿತು. ತೋರಿಸಲಿಕ್ಕೆ ಮಾತ್ರ, ತಿನ್ನಲಿಕ್ಕಲ್ಲ ಎಂದರು. ಭಗವಂತ ಗಂಟು ಬಿಚ್ಚಿ ರೊಟ್ಟಿ ಮುರಿದು, ಕೇಳದಿದ್ದರೂ ಪಲ್ಯ ಹಚ್ಚಿ, ಆಕೆಯ ಬೆರಳಿಗೆ ಕೊಟ್ಟ. ಡಾಕ್ಟರ್ ಕೈ ಮಡಚುತ್ತ ಹೋದರು. ಇನ್ನ ಸ್ವಲ್ಪ. ಇನ್ನ. ತುತ್ತು ತುಟಿಗೆ ತಾಕಿತು.

“ಬಸ್. ಹಿಂಗೇ ಹಿಡೀರಿ. ಐದು ನಿಮಿಷ,” ಎಂದರು ಡಾಕ್ಟರ್.

ಈ ಐದು ನಿಮಿಷ ನನ್ನದು. ಪ್ಲಾಸ್ಟರ್ ಒಣಗುವುದರೊಳಗೆ ಅಂತ್ಯವನ್ನು ಆರಿಸಬೇಕು.

ಒಂದನೆಯ ನಿಮಿಷ. ಆಕೆ ಮನಸ್ಸು ಬದಲಿಸಿ ಗುನಿಯಾಕ್ಕೆ ಒಪ್ಪುತ್ತಾಳೆ. ಇಪ್ಪತ್ತು ವರ್ಷ ಕಲ್ಲು ಹೊರುತ್ತಾಳೆ. ಭಗವಂತ ಇನ್ನು ಮೇಲೆ ಒಂದು ರೊಟ್ಟಿ ಹೆಚ್ಚು ಉಣಿಸುತ್ತಾನೆ, ಖಂಡಿತ ಉಣಿಸುತ್ತಾನೆ, ಪ್ರತಿ ಸಲವೂ ಆಕೆ ಬಾಯಿ ತೆರೆದು ಕಾಯುತ್ತಾಳೆ.

ಎರಡನೆಯ ನಿಮಿಷ. ಕೈ ಹೀಗೇ ಬಾಯ ಬಳಿ ನಿಲ್ಲುತ್ತದೆ. ತನ್ನ ಊಟ ತಾನೇ ಉಣ್ಣುತ್ತಾಳೆ, ಅವನು ದುಡಿದು ತಂದಷ್ಟನ್ನು. ಅಂದರೆ ಆಕೆಯ ಹಸಿವು ಮತ್ತೆ ಅವನ ಕೈಯಲ್ಲೇ, ಸ್ವಲ್ಪ ದೂರದಿಂದ.

ಮೂರನೆಯ ನಿಮಿಷ. ಎರಡೂ ಬೇಡ, ಕೀಲು ಕಡಿದು ತೆಗೆಯಲಿ. ತಾಕತ್ತಿಲ್ಲದಿದ್ದರೂ ಕೈ ಬಾಯಿಗೂ ಹೋಗುತ್ತದೆ, ನೆಲಕ್ಕೂ ಹೋಗುತ್ತದೆ. ಏನನ್ನೂ ಎತ್ತದೆ ಎಲ್ಲ ಕಡೆಗೂ ಹೋಗುತ್ತದೆ. (ಇಂಥ ಕಥೆಗಳನ್ನು ನಾನು ಸಾಕಷ್ಟು ಬರೆದಿದ್ದೇನೆ.)

ಓದುಗರೇ, ನಿಮ್ಮಲ್ಲಿ ಯಾರಿಗಾದರೂ ನಾಲ್ಕನೆಯದು ಹೊಳೆದರೆ ಬೇಗ ಹೇಳಿ. ಆಕೆಯ ಮೂಗಿನ ಕೆಳಗೆ ಪುಂಡಿಪಲ್ಯವಿದೆ, ಬೆಳ್ಳುಳ್ಳಿ ಒಗ್ಗರಣೆಯದು, ಹದಿನಾರು ತಾಸಿನ ಉಪವಾಸ.

ನಾಲ್ಕನೆಯ ನಿಮಿಷದಲ್ಲಿ ಅನಸುಬಾಯಿ ಬಾಯಿ ತೆರೆದು ತುತ್ತನ್ನು ತಿಂದಳು.

“ಸಾಬ್! ತಿಂದ್ಬಿಟ್ಟಾಳ್ರಿ ಸಾಬ್!” ಎಂದು ಖುರ್ಷಿದಬೇಗಂ ಕೂಗಿದಳು.

ಡಾಕ್ಟರ್ ಶೌಕತ ಅಲಿಯವರು ಗಡಿಯಾರ ನೋಡಿದರು, ಆಕೆ ಅಗಿಯುವುದನ್ನು ನೋಡಿದರು, ಕೈಗವಸು ತೆಗೆದರು. “ಇವತ್ತು ಬೇಹೋಶಿ ಕೊಡ್ಲಿಕ್ಕ ಆಗಂಗಿಲ್ಲ. ಕ್ಯಾನ್ಸಲ್.” ಮುಂದಿನ ತಾರೀಖು ಬರೆಯಲು ರಿಜಿಸ್ಟರ್ ತರಿಸಿ, ಪೆನ್ನು ಹಿಡಿದು, ಏನು ಬರೆಯಬೇಕೆಂದು ಆಕೆಯ ಮುಖ ನೋಡಿದರು. ಆಕೆ ಇನ್ನೂ ಅಗಿಯುತ್ತಿದ್ದಳು. ರಿಜಿಸ್ಟರ್ ಮುಚ್ಚಿ ಒಳಗೆ ಹೋದರು.

ಭಗವಂತ ಆಗಲೇ ಇನ್ನೊಂದು ತುತ್ತು ಮುರಿದು ಆಕೆಯ ಬಾಯಿಯ ಹತ್ತಿರ ತಂದಿದ್ದ. ಅನಸುಬಾಯಿ ಮುಖ ಪಕ್ಕಕ್ಕೆ ತಿರುಗಿಸಿದಳು. ಸಿಟ್ಟಿನಿಂದಲ್ಲ.

“ಗಂಟು ಇಲ್ಲಿ ಇಡು.”

ಇಟ್ಟ. ಕೈಯಲ್ಲಿ ಉಳಿದ ತುತ್ತನ್ನು ಏನು ಮಾಡಬೇಕೆಂದು ತಿಳಿಯದೆ ತಾನೇ ತಿಂದ. ಆಮೇಲೆ ಕೇಳಿದ, “ಎಷ್ಟು ಬೇಕು?”

“ಗೊತ್ತಿಲ್ಲ. ಉಂಡು ನೋಡ್ತೀನಿ.”

ನನ್ನ ಕಾಗದದಲ್ಲಿ ಇನ್ನು ಅರ್ಧ ಪುಟ ಮಾತ್ರ ಉಳಿದಿತ್ತು. ಗುನಿಯಾಕ್ಕೋ, ಬಾಯಿಗೋ, ಕಡಿದು ತೆಗೆಯುವುದೋ, ಒಂದನ್ನು ಹೇಳಿಬಿಡಮ್ಮಾ, ಓದುವವರು ಕಾಯುತ್ತಿದ್ದಾರೆ ಎಂದೆ. ಆಕೆ ಎಡಗೈಯಲ್ಲಿ ಎರಡನೆಯ ರೊಟ್ಟಿ ಎತ್ತಿ ಹಿಡಿದು, ಬಾಯ ಹತ್ತಿರವೇ ಗಟ್ಟಿಯಾದ ಬಲಗೈಯಿಂದ ಮುರಿಯುತ್ತಿದ್ದಳು.

“ಅಣ್ಣಾ,” ಎಂದಳು, “ಉಣ್ಣೂ ಮುಂದ ಮಾತಾಡಸಬ್ಯಾಡ್ರಿ.”